ಹಳೆಯ ಹೆಸರು ಬಿಡದ ದೋಣಿ: ಬಾಗಲಕೋಟೆಯ ಹಿನ್ನೀರಿನ ದಡದ ಒಂದು ಪ್ರಕರಣ

ಏಪ್ರಿಲ್ ಎರಡನೆಯ ವಾರ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಕಡೆಯಿಂದ ದೂರ ಸರಿದಿತ್ತು. ಮಳೆಗಾಲದಲ್ಲಿ ಆಳೆತ್ತರ ನೀರು ನಿಲ್ಲುವ ಜಾಗದಲ್ಲಿ ಬಿರುಕು ಬಿಟ್ಟ ಕಪ್ಪು ಮಣ್ಣು ಕಾಣುತ್ತಿತ್ತು. ಆ ಮಣ್ಣಿನ ಅಂಚಿನಲ್ಲಿ, ಒಂದು ದೊಡ್ಡ ಬೇವಿನ ಮರದ ಹತ್ತಿರ, ಕಲ್ಲುಗಳ ಮೇಲೆ ಹಳೆಯ ಟೈರುಗಳನ್ನಿಟ್ಟು ಹದಿನೆಂಟು ಅಡಿಯ ಫೈಬರ್ ದೋಣಿಯೊಂದನ್ನು ಕೂರಿಸಿದ್ದರು. ಅಣ್ಣತಮ್ಮಂದಿರಿಬ್ಬರು ಅದನ್ನು ಕರಾವಳಿಯಿಂದ ಕೊಂಡು ಲಾರಿಯಲ್ಲಿ ಹೇರಿಕೊಂಡು ತಂದಿದ್ದರು. ಹಿಂದೆ ಅದು ಪ್ರವಾಸಿಗರನ್ನು ಕೂರಿಸಿಕೊಂಡು ತಿರುಗುತ್ತಿದ್ದ ದೋಣಿ. ಕಡುನೀಲಿಯ ಎರಡೂ ಮಗ್ಗುಲಲ್ಲಿ ಹಿಂದಿನ ಒಡೆಯರ ವ್ಯಾಪಾರದ ಹೆಸರು, ಅದರ ಕೆಳಗೆ ಮೂರು ಬಣ್ಣದ ಉದ್ದನೆಯ ಪಟ್ಟಿ, ಮೂತಿಯ ಬಳಿ ನೋಂದಣಿ ಸಂಖ್ಯೆ, ಹಿಂಬದಿಯಲ್ಲಿ ಒಂದು ಮೊಬೈಲ್ ನಂಬರು ಇದ್ದವು. ಆ ನಂಬರಿಗೆ ಕರೆ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲವಂತೆ.

ನಾನು ಬಾಗಲಕೋಟೆಯ ಹೊಸ ಬಡಾವಣೆಯಾದ ನವನಗರದಲ್ಲಿ ವಾಹನಗಳಿಗೆ ಅಕ್ಷರ ಬರೆಯುವ, ಸ್ಟಿಕರ್ ಕತ್ತರಿಸಿ ಅಂಟಿಸುವ ಕೆಲಸ ಮಾಡುತ್ತೇನೆ. ಟ್ರ್ಯಾಕ್ಟರ್, ಟಂಟಂ, ಶಾಲೆಯ ಬಸ್ಸುಗಳ ಮೇಲಿನ ಹಳೆಯ ಸ್ಟಿಕರ್ ಕಿತ್ತು ಹೊಸದು ಹಾಕುವುದು ನನಗೆ ದಿನನಿತ್ಯದ ಮಾತು. ದೋಣಿಯ ಕೆಲಸ ಮಾತ್ರ ಇದೇ ಮೊದಲು. ಹಳೆಯ ಹೆಸರು ಪೂರ್ತಿ ಹೋಗಬೇಕು, ಅದರ ಜಾಗದಲ್ಲಿ ‘ಕೃಷ್ಣವೇಣಿ’ ಎಂದು ಬರಬೇಕು, ಜುಲೈಯಲ್ಲಿ ನೀರು ಏರುವ ಮೊದಲು ಎಲ್ಲ ಮುಗಿಯಬೇಕು ಎಂದು ಅಣ್ಣತಮ್ಮಂದಿರು ಕೇಳಿದರು. ಎರಡು ದಿನ ಸಾಕು ಎಂದು ಹೇಳಿ ಬಂದೆ. ಹಿಡಿದದ್ದು ಒಂಬತ್ತು ದಿನ. ಆ ಒಂಬತ್ತು ದಿನ ಎಲ್ಲಿ ಹೋದವು, ಯಾವುದು ಸರಿಯಾಯಿತು, ಯಾವುದು ಕೆಟ್ಟಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಕಡೆ ಫೈಬರ್ ದೋಣಿಗಳು ಈಗ ಹೆಚ್ಚುತ್ತಿವೆ. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಇದು ಬೇಕಾಗುತ್ತದೆ.

ನಾನು ಹೋಗುವ ಮೊದಲೇ ಅವರು ಸುಮ್ಮನಿರಲಿಲ್ಲ. ಬಾಗಲಕೋಟೆಯ ಹೋಳಿಯಲ್ಲಿ ಬೆಳೆದವರಿಗೆ ಬಣ್ಣ ತೆಗೆಯುವುದು ಹೊಸದಲ್ಲ. ಮೊದಲೇ ಮೈಗೆ ಶೇಂಗಾ ಎಣ್ಣೆ ಹಚ್ಚಿಕೊಳ್ಳುವುದು, ಆಮೇಲೆ ಹೋಗದ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಉಜ್ಜುವುದು ಎಲ್ಲರಿಗೂ ಗೊತ್ತು. ಅದೇ ಧೈರ್ಯದಲ್ಲಿ ಬಲಮಗ್ಗುಲಿನ ಹೆಸರಿನ ಮೇಲೆ ಸೀಮೆಎಣ್ಣೆ ಸುರಿದು, ಕ್ಷೌರದ ಬ್ಲೇಡಿನಿಂದ ಕೆರೆದಿದ್ದರು. ಮೊದಲ ಎರಡು ಅಕ್ಷರ ಚೂರುಚೂರಾಗಿ ಎದ್ದಿದ್ದವು, ಅಂಟು ಹಾಗೆಯೇ ಉಳಿದಿತ್ತು, ಆ ಅಂಟಿನ ಮೇಲೆ ಎರಡು ದಿನದ ಧೂಳು ಕೂತು ಕರಿ ಮೇಣದಂತಾಗಿತ್ತು. ಬ್ಲೇಡಿನ ಮೂಲೆ ತಾಗಿದಲ್ಲೆಲ್ಲ ನೀಲಿಯ ಮೇಲೆ ಬಿಳಿ ಗೀರು. ಅದನ್ನು ನೋಡಿದಾಗಲೇ ಇದು ಬಸ್ಸಿನ ಮೈಯಲ್ಲ ಎಂಬ ಎಚ್ಚರ ನನಗೆ ಬರಬೇಕಿತ್ತು.

ವಾಹನದ ಲೋಹದ ಮೇಲೆ ಪ್ರೈಮರ್, ಬಣ್ಣ, ಅದರ ಮೇಲೆ ಪಾರದರ್ಶಕ ಲೇಪ ಇರುತ್ತವೆ. ಕಾರ್ಖಾನೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಲೇಪಗಳವು. ಫೈಬರ್ ದೋಣಿಯ ಮೈ ಹುಟ್ಟುವ ಬಗೆಯೇ ಬೇರೆ. ಅಚ್ಚಿನೊಳಗೆ ಮೊದಲು ಬಣ್ಣ ಬೆರೆಸಿದ ಪಾಲಿಯೆಸ್ಟರ್ ರಾಳವನ್ನು ಬಳಿಯುತ್ತಾರೆ. ಅದು ಜೆಲ್‌ಕೋಟ್. ಅದರ ಬೆನ್ನಿಗೆ ಗಾಜಿನ ನಾರಿನ ಹಾಸುಗಳನ್ನು ರಾಳದಲ್ಲಿ ತೋಯಿಸಿ ಕಟ್ಟುತ್ತಾರೆ. ಅಚ್ಚಿನಿಂದ ಬಿಡಿಸಿದಾಗ ಮೊದಲು ಬಳಿದದ್ದೇ ಹೊರಗೆ ಬರುತ್ತದೆ. ಅಂದರೆ ದೋಣಿಗೆ ಬಣ್ಣ ಬಳಿದಿರುವುದಿಲ್ಲ, ಬಣ್ಣವೇ ಅದರ ಚರ್ಮ. ಆ ಚರ್ಮದ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಗ್ಯಾರೇಜುಗಳಲ್ಲಿ ಬಣ್ಣದ ದಪ್ಪ ಅಳೆಯುವ ಉಪಕರಣ ಇಲ್ಲಿ ನಡೆಯುವುದಿಲ್ಲ, ಅದಕ್ಕೆ ಅಡಿಯಲ್ಲಿ ಲೋಹ ಬೇಕು. ಹಿಂದೆ ಹಗ್ಗದ ಕೊಂಡಿ ಕೂರಿಸಿದ್ದ ಒಂದು ಹಳೆಯ ಮೊಳೆತೂತು ಅಂಚಿನಲ್ಲಿತ್ತು. ಅದರ ಬಾಯಿಯನ್ನು ಒರೆಸಿ, ಗಡಿಯಾರ ರಿಪೇರಿಯವರ ಭೂತಗನ್ನಡಿಯಲ್ಲಿ ನೋಡಿದೆ. ನಾರಿನ ಕಂದುಬಣ್ಣದ ಮೇಲೆ ನೀಲಿಯ ತೆಳು ಗೆರೆ. ನನಗೆ ಕೊಟ್ಟಿದ್ದ ಬಂಡವಾಳ ಅಷ್ಟೇ, ಕಡೆಯವರೆಗೂ ಅದರಲ್ಲೇ ಖರ್ಚು ಮಾಡಬೇಕಿತ್ತು.

ಕೆಲಸ ಆರಂಭಿಸುವ ಮೊದಲು ಪ್ರತಿಯೊಂದು ಅಕ್ಷರದ, ಸಂಖ್ಯೆಯ ಫೋಟೊ ತೆಗೆದು ಅಳತೆ ಬರೆದುಕೊಂಡೆ. ನೋಂದಣಿ ಸಂಖ್ಯೆಯನ್ನು ಮುಟ್ಟಲಿಲ್ಲ. 1917ರ ಹಳೆಯ ಕಾಯ್ದೆಯ ಜಾಗಕ್ಕೆ 2021ರ ಒಳನಾಡು ನೌಕೆಗಳ ಕಾಯ್ದೆ ಬಂದಿದೆ. ಯಾವ ಕಾಯ್ದೆಯಾದರೂ ನೋಂದಣಿಯ ಗುರುತು ದೋಣಿಯ ಗುರುತುಚೀಟಿ ಇದ್ದಂತೆ. ಹೊಸ ಕಾಗದಗಳು ಕೈಗೆ ಬರುವ ಮೊದಲು ಅದನ್ನು ಅಳಿಸುವುದು ತಪ್ಪು ಎಂದು ಹೇಳಿದೆ, ಅವರು ಒಪ್ಪಿದರು.

ಸ್ಟಿಕರಿನ ಹಾಳೆ ವಿನೈಲಿನದು. ವಿನೈಲ್ ಎಂಬುದು ಮೂಲತಃ ಗಡುಸು ಪ್ಲಾಸ್ಟಿಕ್. ಅದನ್ನು ಬಾಗುವಂತೆ ಮಾಡಲು ಮೆದುಕಾರಿ ದ್ರವ್ಯಗಳನ್ನು ಬೆರೆಸುತ್ತಾರೆ. ವರ್ಷಗಟ್ಟಲೆ ಬಿಸಿಲಿನಲ್ಲಿ ಆ ದ್ರವ್ಯ ಹೊರಹೋಗಿ, ಹಾಳೆ ಒಣಗಿದ ಹಪ್ಪಳದಂತಾಗುತ್ತದೆ. ಎಳೆದರೆ ಉದ್ದಕ್ಕೆ ಬರುವುದಿಲ್ಲ, ಮುರಿಯುತ್ತದೆ. ಬಿಸಿ ಮಾಡಿದರೆ ಹಾಳೆ ತುಸು ಮೆತ್ತಗಾಗುತ್ತದೆ, ಅಂಟೂ ಸಡಿಲಗೊಳ್ಳುತ್ತದೆ. ಹೀಟ್ ಗನ್ ನನ್ನ ಬಳಿ ಇತ್ತು. ಆದರೆ ಅದರ ಗಾಳಿ ಮುನ್ನೂರು ಡಿಗ್ರಿಗೂ ಮೇಲೆ ಹೋಗುತ್ತದೆ, ಪಾಲಿಯೆಸ್ಟರ್ ಮೈಗೆ ಅಷ್ಟು ಕಾವು ಒಂದೇ ಕಡೆ ನಿಂತರೆ ಗುಳ್ಳೆ ಏಳುತ್ತದೆ. ಬೇಕಾದದ್ದು ಐವತ್ತರಿಂದ ಅರವತ್ತು ಡಿಗ್ರಿ ಮಾತ್ರ. ಅಷ್ಟನ್ನು ನಮ್ಮೂರಿನ ಏಪ್ರಿಲ್ ಬಿಸಿಲು ಪುಕ್ಕಟೆ ಕೊಡುತ್ತದೆ! ದೂರದಿಂದ ಶಾಖ ಅಳೆಯುವ ಥರ್ಮಾಮೀಟರ್ ಹಿಡಿದು ನೋಡಿದೆ: ಬೆಳಿಗ್ಗೆ ಎಂಟಕ್ಕೆ ನೀಲಿ ಮೈ 36 ಡಿಗ್ರಿ, ಹತ್ತೂವರೆಗೆ 52, ಮಧ್ಯಾಹ್ನ ಎರಡಕ್ಕೆ 64. ಪೂರ್ವಕ್ಕಿದ್ದ ಬಲಮಗ್ಗುಲನ್ನು ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ, ಪಶ್ಚಿಮಕ್ಕಿದ್ದ ಎಡಮಗ್ಗುಲನ್ನು ಮಧ್ಯಾಹ್ನ ಮೂರರ ಮೇಲೆ ಸುಲಿಯಬೇಕೆಂದು ನಿರ್ಧರಿಸಿದೆ.

ಸುಲಿಯುವುದರಲ್ಲಿ ಕೈಯ ಕೋನವೇ ಎಲ್ಲ. ಹಾಳೆಯನ್ನು ಮೈಯಿಂದ ನೇರವಾಗಿ ಹೊರಗೆ ಎಳೆದರೆ ಅದು ಹರಿಯುತ್ತದೆ, ಅಂಟು ಹಿಂದೆ ಉಳಿಯುತ್ತದೆ. ತನ್ನ ಮೇಲೆಯೇ ಮಡಚಿ, ಮೈಗೆ ಹತ್ತಿರವಾಗಿ, ಬಾಳೆನಾರು ಬಿಡಿಸುವಷ್ಟು ನಿಧಾನವಾಗಿ ಎಳೆದರೆ ಅಂಟಿನ ಬಹುಪಾಲು ಹಾಳೆಯ ಜೊತೆಗೇ ಬರುತ್ತದೆ. ಹೆಸರಿನ ಅಕ್ಷರಗಳು ಒಳ್ಳೆಯ ದರ್ಜೆಯ ಹಾಳೆಯವು, ಹೀಗೆಯೇ ಬಂದವು. ಮೂರು ಬಣ್ಣದ ಪಟ್ಟಿ ಅಗ್ಗದ್ದು. ಉಗುರಿನಷ್ಟು ಉಗುರಿನಷ್ಟೇ ಎದ್ದಿತು. ನಾಲ್ಕು ಮೀಟರ್ ಪಟ್ಟಿಗೆ ಎರಡು ದಿನ ಹೋಯಿತು. ಲೋಹದ ಬ್ಲೇಡನ್ನು ಪೆಟ್ಟಿಗೆಯಲ್ಲಿಟ್ಟು, ಹಳೆಯ ಎಟಿಎಂ ಕಾರ್ಡುಗಳ ಅಂಚನ್ನು ವಾಟರ್ ಪೇಪರಿನಲ್ಲಿ, ಅಂದರೆ ನೀರು ಹಾಕಿ ಉಜ್ಜುವ ಮರಳುಕಾಗದದಲ್ಲಿ, ಓರೆಯಾಗಿ ಉಜ್ಜಿ ಕೆರಗತ್ತಿ ಮಾಡಿಕೊಂಡೆ. ಒಂದು ಕಾರ್ಡು ಅರ್ಧ ಗಂಟೆ ಬಾಳುತ್ತದೆ, ಮತ್ತೆ ಉಜ್ಜಬೇಕು.

ಹಾಳೆ ಹೋದ ಮೇಲೆ ಅಂಟಿನ ಪಾಳಿ. ಇಲ್ಲಿ ನಾನು ಮೊದಲು ಆತುರ ಮಾಡಿದೆ. ಅಸಿಟೋನ್ ಎಂಬ ದ್ರಾವಕ ಬೇಗ ಕೆಲಸ ಮಾಡುತ್ತದೆ, ಗಟ್ಟಿಯಾದ ಜೆಲ್‌ಕೋಟ್ ಒಂದೆರಡು ಸಲ ಒರೆಸಿದರೆ ಅದನ್ನು ತಾಳಿಕೊಳ್ಳುತ್ತದೆ ಎಂದು ಗೊತ್ತಿತ್ತು. ಮಧ್ಯಾಹ್ನವೇ ಬಟ್ಟೆ ತೋಯಿಸಿ ಒರೆಸಿದೆ. ಅಸಿಟೋನ್ ಕುದಿಯುವುದು 56 ಡಿಗ್ರಿಗೆ. ದೋಣಿಯ ಮೈ ಅದಕ್ಕಿಂತ ಬಿಸಿಯಿತ್ತು. ಬಟ್ಟೆ ತಾಗಿದ ಕ್ಷಣದಲ್ಲಿ ಹಾರಿಹೋಯಿತು. ಅಂಟು ಕರಗುವ ಬದಲು ಎಳೆಎಳೆಯಾಗಿ ಹರಡಿ ಇನ್ನೊಂದು ಗೇಣು ಜಾಗವನ್ನು ಹಿಡಿಯಿತು. ಸುಲಿಯುವ ಕೆಲಸಕ್ಕೆ ಬಿಸಿಲು ಬೇಕು, ಕರಗಿಸುವ ಕೆಲಸಕ್ಕೆ ನೆರಳು ಬೇಕು ಎಂದು ಆಗ ಅರ್ಥವಾಯಿತು. ಅಂದಿನಿಂದ ಅಂಟಿನ ಕೆಲಸವನ್ನು ಬೆಳಿಗ್ಗೆ ಆರರಿಂದ ಎಂಟೂವರೆಯವರೆಗೆ ಮಾತ್ರ ಮಾಡಿದೆ.

ಇದರಲ್ಲಿ ಬೆಂಕಿಯ ಮಾತೂ ಇದೆ, ಅದನ್ನು ಹಗುರವಾಗಿ ಹೇಳಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ದ್ರವದ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಉಷ್ಣಾಂಶ ಅಸಿಟೋನಿಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಪೆಟ್ರೋಲಿಗೆ ಇನ್ನೂ ಕೆಳಗೆ. ಅವು ಯಾವ ಋತುವಿನಲ್ಲೂ ಅಪಾಯವೇ. ಬಣ್ಣದಂಗಡಿಯಲ್ಲಿ ಸಿಗುವ ಖನಿಜ ಟರ್ಪಂಟೈನಿನದು ಸಾಮಾನ್ಯವಾಗಿ 38–40 ಡಿಗ್ರಿಯ ಆಸುಪಾಸು. ತಂಪು ಊರುಗಳಲ್ಲಿ ಅದನ್ನು ಸೌಮ್ಯ ದ್ರವವೆಂದು ಕರೆಯುತ್ತಾರೆ. ನಮ್ಮಲ್ಲಿ ಬೇಸಿಗೆಯ ನೆರಳೇ 40 ಡಿಗ್ರಿ. ಅಂದರೆ ಬೇರೆಡೆ ಸೌಮ್ಯವಾದದ್ದು ಬಾಗಲಕೋಟೆಯ ಮಧ್ಯಾಹ್ನದಲ್ಲಿ ಸೌಮ್ಯವಲ್ಲ. ದೋಣಿಯ ಒಡೆಯರಿಬ್ಬರಲ್ಲಿ ತಮ್ಮನಿಗೆ ಬೀಡಿಯ ಅಭ್ಯಾಸವಿತ್ತು. ಡಬ್ಬಿ ತೆರೆದಿರುವಾಗ ನೂರು ಹೆಜ್ಜೆ ಆಚೆ ಹೋಗಬೇಕೆಂದು ಕೈಮುಗಿದು ಕೇಳಿಕೊಂಡೆ. ತೋಯ್ದ ಬಟ್ಟೆಗಳನ್ನು ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದೆ. ಆ ದಡದ ಮಣ್ಣು ಎರಡು ಮೂರು ತಿಂಗಳಲ್ಲಿ ನೀರಿನ ತಳವಾಗುತ್ತದೆ, ಅಲ್ಲಿ ಮೀನು ಮೊಟ್ಟೆ ಇಡುತ್ತದೆ. ಒಂದು ಹನಿ ಅಂಟನ್ನೂ ಅಲ್ಲಿ ಬಿಡಬಾರದೆಂದು ಕೆಳಗೆ ತಾಡಪತ್ರಿ ಹಾಸಿದ್ದೆವು.

ಕಡೆಗೆ ಫಲ ಕೊಟ್ಟದ್ದು ಉಜ್ಜುವಿಕೆ ಅಲ್ಲ, ನೆನೆಸುವಿಕೆ. ಹತ್ತಿಯ ಬಟ್ಟೆಯನ್ನು ಟರ್ಪಂಟೈನಿನಲ್ಲಿ ತೋಯಿಸಿ ಅಂಟಿನ ಮೇಲೆ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಿ ಹತ್ತು ನಿಮಿಷ ಬಿಟ್ಟೆ. ಆವಿ ಹಾರಲು ದಾರಿಯಿಲ್ಲದೆ ದ್ರವ ಅಂಟಿನೊಳಗೆ ಇಳಿಯಿತು. ಹಾಳೆ ತೆಗೆದಾಗ ಅಂಟು ಊದಿಕೊಂಡು, ಹೆಪ್ಪುಗಟ್ಟಿದ ಗಿಣ್ಣಿನಂತೆ ಕಾರ್ಡಿನ ಅಂಚಿಗೆ ಬಂತು. ಹಿಂದೆ ಉಳಿದ ಎಣ್ಣೆಜಿಡ್ಡನ್ನು ಸೋಪಿನ ನೀರಿನಿಂದ ತೊಳೆದು, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದರೆ ಮೈ ಶುದ್ಧ. ಸೀಮೆಎಣ್ಣೆಯೂ ಅಂಟನ್ನು ಸಡಿಲಿಸುತ್ತದೆ, ಆದರೆ ಅದರ ಜಿಡ್ಡು ಕೂತರೆ ಹೊಸ ಸ್ಟಿಕರ್ ಹಿಡಿಯುವುದಿಲ್ಲ. ಬಲಮಗ್ಗುಲಿನ ಆ ಮೊದಲ ಎರಡು ಅಕ್ಷರದ ಜಾಗವನ್ನು ಮೂರು ಸಲ ತೊಳೆಯಬೇಕಾಯಿತು.

ಬಟ್ಟೆಯ ವಿಷಯ ಹೇಳಲೇಬೇಕು. ಮೂರನೆಯ ದಿನ ಬಿಳಿ ಬಟ್ಟೆ ತೀರಿತು. ಮನೆಯಿಂದ ಒಂದು ಹಳೆಯ ಗುಳೇದಗುಡ್ಡದ ಖಣದ ತುಂಡು ಬಂತು, ಕಡುಗೆಂಪು. ಅದನ್ನು ಅಸಿಟೋನಿನಲ್ಲಿ ತೋಯಿಸಿ ಒಳಗಿನ ಬಿಳಿ ಅಂಚನ್ನು ಒರೆಸಿದಾಗ ಬಿಳಿಯ ಮೇಲೆ ಗುಲಾಬಿ ಛಾಯೆ ನಿಂತಿತು. ದ್ರವ ಬಟ್ಟೆಯ ಬಣ್ಣವನ್ನು ಕರಗಿಸಿಕೊಂಡು, ಬಿಸಿಲಿಗೆ ಸವೆದ ಜೆಲ್‌ಕೋಟಿನ ಸೂಕ್ಷ್ಮ ರಂಧ್ರಗಳಿಗೆ ತುಂಬಿತ್ತು. ಪಾಲಿಶ್ ಹಾಕಿ ತೆಗೆಯಲು ಒಂದು ತಾಸು ಹಿಡಿಯಿತು. ಮರುದಿನ ಹಳೆಯ ಬಿಳಿ ಧೋತರಗಳನ್ನು ತರಿಸಿಕೊಂಡೆ. ಬಣ್ಣದ ಬಟ್ಟೆಯನ್ನು ಈ ಕೆಲಸದ ಹತ್ತಿರವೂ ತರಬಾರದು.

ನಾಲ್ಕನೆಯ ದಿನ ದೊಡ್ಡ ಪೆಟ್ಟು ಬಿತ್ತು. ಬಲಮಗ್ಗುಲಿನಲ್ಲಿ, ನೀರಿಗೆ ಮುಳುಗುವ ಭಾಗದ ಹತ್ತಿರ ಕಾಣದ ಜಾಗದಲ್ಲಿ ಪ್ರತಿ ದ್ರವವನ್ನೂ ಮೊದಲು ಪರೀಕ್ಷಿಸಿದ್ದೆ. ಎಲ್ಲವೂ ಸರಿಯಾಗಿತ್ತು. ಅದೇ ನಂಬಿಕೆಯಲ್ಲಿ ಎಡಮಗ್ಗುಲಿನ ಹಿಂಭಾಗದ ಮೊಬೈಲ್ ನಂಬರಿನ ಅಂಟಿನ ಮೇಲೆ ನೆನೆದ ಬಟ್ಟೆ ಹೊದಿಸಿದೆ. ಅಂಟು ಹಟ ಹಿಡಿದಂತೆ ಕಂಡದ್ದರಿಂದ ಮೇಲೆ ಸ್ವಲ್ಪ ಅಸಿಟೋನ್ ಹಾಕಿದೆ. ಹಾಳೆ ಎತ್ತಿದಾಗ ಬಟ್ಟೆ ನೀಲಿಯಾಗಿತ್ತು. ಅಂಗೈ ಅಗಲದ ಮೈ ಸುಕ್ಕುಗಟ್ಟಿ, ಹಾಲಿನ ಕೆನೆಯಂತೆ ಮಡಚಿಕೊಂಡಿತ್ತು. ಎದೆ ಧಸಕ್ಕೆಂದಿತು.

ಕಾರಣ ಹುಡುಕಿದಾಗ ತಿಳಿಯಿತು: ಆ ಭಾಗ ಹಿಂದೆಂದೋ ಒಡೆದು, ರಿಪೇರಿಯಾಗಿ, ಮೇಲೆ ಸಾಮಾನ್ಯ ಎನಾಮೆಲ್ ಬಣ್ಣ ಬಳಿಸಿಕೊಂಡಿತ್ತು. ಮುಂಭಾಗ ಜೆಲ್‌ಕೋಟ್, ಹಿಂಭಾಗ ಎನಾಮೆಲ್. ನೋಟಕ್ಕೆ ಒಂದೇ ನೀಲಿ. ಎನಾಮೆಲ್ ಟರ್ಪಂಟೈನಿನಲ್ಲೇ ಕಲಸುವ ಬಣ್ಣ. ಒಣಗಿದ ಮೇಲೆ ಟರ್ಪಂಟೈನಿಗೆ ಸ್ವಲ್ಪ ಹೊತ್ತು ತಡೆದುಕೊಂಡರೂ ಅಸಿಟೋನಿಗೆ ತಡೆಯುವುದಿಲ್ಲ. ನಾನು ಪರೀಕ್ಷೆ ಮಾಡಿದ್ದೆ, ಆದರೆ ದೋಣಿಯನ್ನು ಒಂದೇ ಮೈ ಎಂದು ತಿಳಿದಿದ್ದೆ. ಪ್ರತಿ ಸ್ಟಿಕರಿನ ಪಕ್ಕದಲ್ಲೂ, ಕಿವಿಗೆ ಹಾಕುವ ಹತ್ತಿಕಡ್ಡಿಯ ತುದಿಯಷ್ಟು ಅಸಿಟೋನ್ ಮುಟ್ಟಿಸಿ ಬಣ್ಣ ಹತ್ತಿಗೆ ಬರುತ್ತದೆಯೇ ಎಂದು ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆ ದಿನವೇ ಇಡೀ ದೋಣಿಯನ್ನು ಹಾಗೆ ತಡವಿ, ಸೀಮೆಸುಣ್ಣದಲ್ಲಿ ಗಡಿ ಗುರುತಿಸಿದೆ. ಮೂತಿಯ ಬಳಿಯೂ ಹಲಗೆಯಷ್ಟು ಅಗಲದ ಎನಾಮೆಲ್ ತೇಪೆ ಸಿಕ್ಕಿತು. ಅಲ್ಲಿ ಸೋಪಿನ ನೀರು, ಬೆಚ್ಚಗಿನ ಶೇಂಗಾ ಎಣ್ಣೆ, ತಾಳ್ಮೆ ಇಷ್ಟರಲ್ಲೇ ಅಂಟನ್ನು ತೆಗೆದೆ. ಎಣ್ಣೆ ಅಂಟನ್ನು ಮೆತ್ತಗೆ ಮಾಡುತ್ತದೆ, ಬಣ್ಣಕ್ಕೆ ಏನೂ ಮಾಡುವುದಿಲ್ಲ. ಹೋಳಿಯ ವಿದ್ಯೆ ಅಲ್ಲಿ ನಿಜಕ್ಕೂ ಕೆಲಸಕ್ಕೆ ಬಂತು. ಸುಕ್ಕಾದ ಜಾಗವನ್ನು ಉಜ್ಜಿ, ನನ್ನ ಖರ್ಚಿನಲ್ಲಿ ಮತ್ತೆ ಬಣ್ಣ ಬಳಿದುಕೊಟ್ಟೆ.

ಆರನೆಯ ದಿನ ಎರಡೂ ಮಗ್ಗುಲು ಸ್ವಚ್ಛ. ಬೆರಳು ಆಡಿಸಿದರೆ ಎಲ್ಲಿಯೂ ತಡೆಯಿಲ್ಲ. ಆದರೂ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದರೆ ಹಳೆಯ ಹೆಸರು ಮೊದಲಿಗಿಂತ ಸ್ಪಷ್ಟವಾಗಿ ಓದಲು ಬರುತ್ತಿತ್ತು! ಮಸುಕು ನೀಲಿಯ ನಡುವೆ ಕಡುನೀಲಿಯ ಅಕ್ಷರಗಳು. ಅಣ್ಣ ಒಡೆಯರ ಮುಖ ಸಪ್ಪಗಾಯಿತು. ಅಂಟು ಇನ್ನೂ ಇದೆ, ಇನ್ನಷ್ಟು ಉಜ್ಜಿ ಎಂದರು.

ಈ ಜಾಗದಲ್ಲೇ ಹೆಚ್ಚಿನವರು ದೋಣಿಯನ್ನು ಕೆಡಿಸುತ್ತಾರೆ ಎಂಬುದು ನನ್ನ ನಂಬಿಕೆ. ಕಾಣುತ್ತಿರುವುದು ಕೊಳೆಯಲ್ಲ. ಬಿಸಿಲಿನ ನೇರಳಾತೀತ ಕಿರಣ ಜೆಲ್‌ಕೋಟಿನ ಮೇಲ್ಪದರವನ್ನು ಒಡೆಯುತ್ತದೆ, ಅದು ಸುಣ್ಣದಂತೆ ಪುಡಿಯಾಗಿ ಬಣ್ಣ ಮಂಕಾಗುತ್ತದೆ. ಸ್ಟಿಕರಿನ ಅಡಿಯಲ್ಲಿದ್ದ ಭಾಗಕ್ಕೆ ಆ ಬಿಸಿಲು ತಾಗಿಲ್ಲ. ಅಚ್ಚಿನಿಂದ ಬಂದ ದಿನದ ನೀಲಿ ಅಲ್ಲಿ ಮಾತ್ರ ಉಳಿದಿದೆ. ಅಕ್ಷರದ ಆಕಾರದಲ್ಲಿ ಉಳಿದಿರುವುದು ದೋಣಿಯ ಒಳ್ಳೆಯ ಚರ್ಮ. ಹೋಗಬೇಕಾದದ್ದು ಅಕ್ಷರವಲ್ಲ, ಅದರ ಸುತ್ತ ಕೂತಿರುವ ಬಿಸಿಲು. ಅಕ್ಷರವನ್ನೇ ಉಜ್ಜುತ್ತ ಹೋದರೆ ಇರುವ ಒಂದೇ ಗಟ್ಟಿ ಜಾಗವನ್ನೂ ತೆಳುಮಾಡಿದಂತೆ. ಅವರಿಗೆ ಕಪ್ಪು ಬಟ್ಟೆ ಕೊಟ್ಟು ಒಣಮೈಯನ್ನು ಒತ್ತಿ ಒರೆಸಲು ಹೇಳಿದೆ. ಅಕ್ಷರದ ಮೇಲೆ ಒರೆಸಿದಾಗ ಬಟ್ಟೆ ಹಾಗೆಯೇ ಇತ್ತು, ಪಕ್ಕದಲ್ಲಿ ಒರೆಸಿದಾಗ ತಿಳಿನೀಲಿ ಪುಡಿ ಹತ್ತಿತು. ಆಮೇಲೆ ವಾದ ಉಳಿಯಲಿಲ್ಲ.

ಹೀಗಾಗಿ ಇಡೀ ಮಗ್ಗುಲನ್ನೇ ಸಮ ಮಾಡಬೇಕಾಯಿತು. ಮೊದಲು ಕೇವಲ ರಬ್ಬಿಂಗ್ ಕಾಂಪೌಂಡ್, ಅಂದರೆ ಉಜ್ಜಿ ಹೊಳಪು ತರುವ ಲೇಪ, ಹಾಕಿ ನೋಡಿದೆ. ಮಂಕು ಅರ್ಧ ಹೋಯಿತು, ಅಕ್ಷರ ಇನ್ನೂ ಕಾಣುತ್ತಿತ್ತು. ಆಗ ವಾಟರ್ ಪೇಪರ್: 1000, ಆಮೇಲೆ 1500, ಕಡೆಗೆ 2000. ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು, ಇಳಿದಷ್ಟೂ ಒರಟು. ಚಪ್ಪಟೆ ರಬ್ಬರ್ ತುಂಡಿಗೆ ಸುತ್ತಿ, ಸದಾ ನೀರು ಹನಿಸುತ್ತ, ಸುತ್ತಲಿನ ಮೈಯಿಂದ ಆರಂಭಿಸಿ ಅಕ್ಷರದ ಅಂಚಿಗೆ ಬಂದು ನಿಲ್ಲಿಸುತ್ತಿದ್ದೆ. ಬೆರಳಿನಿಂದ ಒತ್ತಿ ಉಜ್ಜಿದರೆ ಗುಂಡಿ ಬೀಳುತ್ತದೆ, ಹೊಳಪು ಬಂದ ಮೇಲೆ ಅದು ಎದ್ದು ಕಾಣುತ್ತದೆ. 800ಕ್ಕೆ ಇಳಿಯಲು ಆಸೆಯಾಯಿತು, ಇಳಿಯಲಿಲ್ಲ. ನೀರು ಮೊದಲು ಹಾಲು ಬೆರೆತಂತೆ ತಿಳಿನೀಲಿಯಾಗಿ ಹರಿಯುತ್ತದೆ. ಅದು ಕಡುನೀಲಿಯಾದಾಗ ಸತ್ತ ಪದರ ಮುಗಿದು ಜೀವಂತ ಪದರ ಮುಟ್ಟಿದೆ ಎಂದರ್ಥ. ಅಲ್ಲಿಗೆ ಕೈ ನಿಲ್ಲಬೇಕು. ನಂತರ ಕಾಂಪೌಂಡ್, ನುಣುಪು ಪಾಲಿಶ್.

ಬಲಮಗ್ಗುಲಿನಲ್ಲಿ ಹೆಸರು ಪೂರ್ತಿ ಮಾಯವಾಯಿತು. ಎಡಮಗ್ಗುಲು ವರ್ಷಗಟ್ಟಲೆ ಪಶ್ಚಿಮದ ಬಿಸಿಲಿಗೆ ನಿಂತದ್ದೋ ಏನೋ, ಮಂಕು ಇನ್ನೂ ಆಳಕ್ಕೆ ಇಳಿದಿತ್ತು. ಅಲ್ಲಿ ಒಂದು ಉಬ್ಬಿನ ಮೇಲೆ ನೀಲಿಯ ಹಿಂದಿನಿಂದ ಕಂದುಛಾಯೆ ತೋರುವಂತಾದಾಗ ಕಾಗದ ಕೆಳಗಿಟ್ಟೆ. ಮೊದಲ ಅಕ್ಷರದ ನೆರಳು ಓರೆ ಬೆಳಕಿನಲ್ಲಿ ಇನ್ನೂ ಕಾಣುತ್ತಿತ್ತು. ಇನ್ನೊಂದು ಸುತ್ತು ಉಜ್ಜಿದರೆ ಅದೂ ಹೋಗುತ್ತಿತ್ತೇನೋ, ಅದರ ಜೊತೆ ಜೆಲ್‌ಕೋಟೂ ಹೋಗಿ ನಾರು ನೀರು ಕುಡಿಯಲು ಆರಂಭಿಸುತ್ತಿತ್ತು. ಅಣ್ಣನಿಗೆ ಬೇಸರವಾಯಿತು. ದುಡ್ಡು ಕೊಟ್ಟು ಕೊಂಡ ದೋಣಿಯ ಮೇಲೆ ಬೇರೊಬ್ಬರ ಹೆಸರಿನ ಚೂರು ಉಳಿಯುವುದು ಅವರಿಗೆ ಸಹಿಸಲಾಗಲಿಲ್ಲ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ದೋಣಿಯ ಆಯುಸ್ಸನ್ನು ಕೊಟ್ಟು ಆ ಚೂರನ್ನು ಅಳಿಸಲು ನನ್ನ ಕೈ ಬರಲಿಲ್ಲ. ಹೊಸ ಹೆಸರಿನ ಮೊದಲ ಅಕ್ಷರವನ್ನು ಸರಿಯಾಗಿ ಅದರ ಮೇಲೆಯೇ ಕೂರಿಸುತ್ತೇನೆ ಎಂದೆ.

ಹೊಸ ಅಕ್ಷರ ಬರುವ ಜಾಗಕ್ಕೆ ಮೇಣ ಹಚ್ಚಲಿಲ್ಲ, ಆಲ್ಕೋಹಾಲಿನಿಂದ ಮತ್ತೆ ಒರೆಸಿ ಬೆಳಗಿನ ತಂಪಿನಲ್ಲಿ ಅಂಟಿಸಿದೆ. ಉಳಿದ ಮೈಗೆಲ್ಲ ಎರಡು ಕೈ ಮೇಣ. ಕನ್ನಡದ ಅಕ್ಷರಗಳು ಗುಂಡಗಿರುವುದು ಈ ಕೆಲಸಕ್ಕೆ ವರವೇ ಸರಿ. ಚೂಪು ಮೂಲೆಯಲ್ಲಿ ನೀರು ಹೊಕ್ಕು ಸ್ಟಿಕರ್ ಏಳಲು ಆರಂಭಿಸುತ್ತದೆ, ಗುಂಡು ಅಂಚಿನಲ್ಲಿ ಅದಕ್ಕೆ ಹಿಡಿತ ಸಿಗುವುದಿಲ್ಲ. ತೊಂದರೆ ಕೊಡುವುದು ಒತ್ತಕ್ಷರ. ‘ಷ್ಣ’ದ ಒತ್ತು ಪುಟ್ಟ ಬಿಡಿ ತುಂಡಾಗಿ ನಿಂತರೆ ಮೊದಲು ಅದೇ ತೇಲಿಹೋಗುತ್ತದೆ. ಅದನ್ನು ಮೇಲಿನ ಅಕ್ಷರಕ್ಕೆ ತಾಗಿಸಿ ಒಂದೇ ತುಂಡಾಗಿ ಕತ್ತರಿಸಿದೆ, ‘ಕೃ’ವಿನ ಸುಳಿಯನ್ನೂ ಹಾಗೆಯೇ ಮಾಡಿದೆ. ಒಟ್ಟು ಎರಡು ಲೀಟರ್ ಟರ್ಪಂಟೈನ್, ಒಂದು ಲೀಟರ್ ಆಲ್ಕೋಹಾಲ್, ಹದಿನಾಲ್ಕು ಹಾಳೆ ವಾಟರ್ ಪೇಪರ್, ಏಳು ಎಟಿಎಂ ಕಾರ್ಡು ಖರ್ಚಾದವು. ಅರ್ಧ ಲೀಟರಿನ ಅಸಿಟೋನ್ ಡಬ್ಬಿಯಲ್ಲಿ ಮುಕ್ಕಾಲು ಪಾಲು ಹಾಗೆಯೇ ಉಳಿಯಿತು.

ಆಗಸ್ಟ್ ಕೊನೆಯಲ್ಲಿ ನೋಡಲು ಹೋದೆ. ಜಲಾಶಯ 519.60 ಮೀಟರಿನ ಪೂರ್ಣಮಟ್ಟಕ್ಕೆ ಬಂದಿತ್ತು, ನಾವು ತಾಡಪತ್ರಿ ಹಾಸಿದ್ದ ಜಾಗ ನೀರಿನೊಳಗಿತ್ತು, ಬೇವಿನ ಮರದ ಬುಡಕ್ಕೆ ದೋಣಿಯ ಹಗ್ಗ ಕಟ್ಟಿದ್ದರು. ಎಲ್ಲ ಅಂಚುಗಳನ್ನೂ ಉಗುರಿನಿಂದ ತಡವಿದೆ, ಒತ್ತು ಸಹ ಗಟ್ಟಿಯಾಗಿತ್ತು. ಸಂಜೆಯ ಬಿಸಿಲು ಎಡಮಗ್ಗುಲಿಗೆ ಓರೆಯಾಗಿ ಬಿದ್ದಾಗ ‘ಕೃ’ವಿನ ಬಿಳಿಯ ಹಿಂದಿನಿಂದ ಹಳೆಯ ಅಕ್ಷರದ ಒಂದು ಕಾಲು ಎರಡು ಬೆರಳಿನಷ್ಟು ಹೊರಗೆ ಕಂಡಿತು. ಅಣ್ಣನಿಗೆ ತೋರಿಸಿದೆ. ಅವರು ಅದನ್ನು ಆಗಲೇ ನೋಡಿದ್ದರು. ಇರಲಿ ಬಿಡಿ, ನೀರಿನಲ್ಲಿರುವಾಗ ಆ ಕಡೆ ಯಾರೂ ನಿಲ್ಲುವುದಿಲ್ಲ ಎಂದು ಹೇಳಿ, ಹುಟ್ಟು ತೆಗೆದುಕೊಂಡು ಮೋಟಾರಿನ ಕಡೆ ಹೋದರು.